ಮಾನ್ಯ ಇಪ್ಪತ್ತು ಅವರ ಸನ್ನಿಧಿಗೆ

ಗೆ,
ಶ್ರೀ ಇಪ್ಪತ್ತು (20) ಅವರು,
ಮಹಾರಾಷ್ಟ್ರದ ಶಾಲೆಗಳ ಭಾಗ್ಯವಿಧಾತರು,
ಮಂತ್ರಾಲಯ, ಮುಂಬಯಿ.

ಇಂದ,
ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯ ಮಾಸ್ತರು.

ವಿಷಯ: ಹತ್ತೊಂಬತ್ತು ಮಕ್ಕಳು ಶಾಲೆಗೆ ಬರುತ್ತಿರುವ ಅಪರಾಧದ ಬಗ್ಗೆ.

ಮಾನ್ಯರೇ,

ಈ ಅರ್ಜಿಯನ್ನು ಶಿಕ್ಷಣ ಮಂತ್ರಿಗಳಿಗೆ ಬರೆಯಿರಿ ಎಂದು ಸಹೋದ್ಯೋಗಿಗಳು ಬುದ್ಧಿ ಹೇಳಿದರು. ನಾನು ಒಪ್ಪಲಿಲ್ಲ. 2014ರಿಂದ ಈಚೆಗೆ ವಿನೋದ್ ತಾವ್ಡೆ, ಆಶಿಶ್ ಶೆಲಾರ್, ವರ್ಷಾ ಗಾಯಕ್ವಾಡ್, ದೀಪಕ್ ಕೇಸರ್ಕರ್, ದಾದಾ ಭುಸೆ ಎಂದು ಮಂತ್ರಿಗಳು ಬದಲಾಗುತ್ತಲೇ ಬಂದಿದ್ದಾರೆ. ಪಕ್ಷಗಳು ಒಡೆದಿವೆ, ಒಂದೊಂದು ಎರಡೆರಡಾಗಿವೆ. ಇಷ್ಟೆಲ್ಲದರ ನಡುವೆ ಕುರ್ಚಿ ಬಿಟ್ಟು ಏಳದವರು ತಾವೊಬ್ಬರೇ. ಅಧಿಕಾರ ಎಲ್ಲಿದೆಯೋ ಅಲ್ಲಿಗೇ ಅರ್ಜಿ ಕೊಡಬೇಕೆಂಬುದು ಈ ಊರಿಗೆ ಬಂದವನು ಮೊದಲು ಕಲಿಯುವ ಪಾಠ.

ತಮ್ಮ ಮಹಿಮೆ ಎಲ್ಲೆಲ್ಲಿ ಹಬ್ಬಿದೆ ಎಂದು ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ. 2023ರ ಸೆಪ್ಟೆಂಬರಿನಲ್ಲಿ, 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಟ್ಟುಗೂಡಿಸಿ ‘ಸಮೂಹ ಶಾಲೆ’ ಮಾಡಲು ಪ್ರಸ್ತಾವ ಕಳಿಸಿ ಎಂದು ಶಿಕ್ಷಣ ಆಯುಕ್ತರ ಪತ್ರ ಹೊರಟಿತು. ರಾಜ್ಯದಲ್ಲಿ ಅಂಥ ಶಾಲೆಗಳು 14 ಸಾವಿರಕ್ಕೂ ಹೆಚ್ಚು. 2024ರ ಮಾರ್ಚ್ 15ರಂದು ಸಂಚ್ ಮಾನ್ಯತೆಯ ಹೊಸ ಜಿ.ಆರ್., ಅಂದರೆ ಸರಕಾರಿ ಆದೇಶ, ಬಂತು. ಸಂಚ್ ಮಾನ್ಯತೆ ಎಂದರೆ ಯಾವ ಶಾಲೆಗೆ ಎಷ್ಟು ಮಾಸ್ತರರು ಎಂದು ವರ್ಷಕ್ಕೊಮ್ಮೆ ಬರೆಯುವ ಜಾತಕ. 6ರಿಂದ 8ನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ ತಮ್ಮ ಗೆರೆ ಮುಟ್ಟದಿದ್ದರೆ ಅಲ್ಲಿ ಮಂಜೂರಾಗುವ ಶಿಕ್ಷಕ ಹುದ್ದೆ ಸೊನ್ನೆ ಎಂದು ಅದರಲ್ಲಿ ಬರೆದಿತ್ತು. ಅದೇ ವರ್ಷದ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ಉಡುಗೊರೆಯಾಗಿ ಇನ್ನೊಂದು ಆದೇಶ: 20 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯಲ್ಲಿ ಇಬ್ಬರು ಶಿಕ್ಷಕರಲ್ಲಿ ಒಬ್ಬರು ಗುತ್ತಿಗೆಯವರಾಗಿರಲಿ, ತಿಂಗಳಿಗೆ 15,000 ರೂಪಾಯಿ ಸಾಕು. ಶಿಕ್ಷಕರು ಬೀದಿಗೆ ಇಳಿದ ಮೇಲೆ ಆ ಉಡುಗೊರೆಯನ್ನು ಕತ್ತರಿಸಿ ಚಿಕ್ಕದು ಮಾಡಿದರು, ಕೊನೆಗೆ ವಾಪಸು ಪಡೆದರು.

2025ರ ಜೂನ್ 17ರಂದು ತಾವು ಭಾಷಾಶಾಸ್ತ್ರಕ್ಕೂ ಕಾಲಿಟ್ಟಿರಿ. ಮರಾಠಿ ಮತ್ತು ಇಂಗ್ಲಿಷ್ ಶಾಲೆಗಳ ಒಂದನೇ ತರಗತಿಯ ಮಗುವಿಗೆ ಹಿಂದಿಯ ಬದಲು ಬೇರೆ ಭಾರತೀಯ ಭಾಷೆ ಬೇಕಿದ್ದರೆ ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಕೇಳಬೇಕು. ಅಷ್ಟು ಮಕ್ಕಳಾದರೆ ಶಿಕ್ಷಕರು ಬರುತ್ತಾರೆ, ಆಗದಿದ್ದರೆ ಆನ್‌ಲೈನ್. ಅಂದರೆ ಹತ್ತೊಂಬತ್ತು ಮಕ್ಕಳ ಕನ್ನಡಕ್ಕೆ ನೆಟ್‌ವರ್ಕ್ ಸಾಕು, ಇಪ್ಪತ್ತನೆಯ ಮಗು ಬಾಗಿಲಲ್ಲಿ ಕಾಣಿಸಿಕೊಂಡರೆ ಮಾತ್ರ ಮನುಷ್ಯ ಬೇಕು. ಊರಲ್ಲಿ ಗದ್ದಲವೆದ್ದು ಜೂನ್ 29ಕ್ಕೆ ಆ ಆದೇಶವೂ ಹಿಂದೆ ಹೋಯಿತು. ಅನುದಾನದಲ್ಲೂ ತಮ್ಮದೇ ಹೆಜ್ಜೆಗುರುತು. ಅನುದಾನವಿಲ್ಲದ ಶಾಲೆಗಳು 20, 40, 60 ಎಂದು ಶೇಕಡಾವಾರು ಮೆಟ್ಟಿಲು ಹತ್ತಬೇಕು. ಮುಂದಿನ ಒಂದು ಮೆಟ್ಟಿಲಿಗಾಗಿ 2025ರ ಜುಲೈ ಮಳೆಯಲ್ಲಿ ಶಿಕ್ಷಕರು ಆಝಾದ್ ಮೈದಾನದಲ್ಲಿ ಕೂತಿದ್ದರು. ಮುಂಬಯಿಯ ಮತದಾನಕ್ಕೂ ತಮ್ಮದೇ ತಾರೀಕು ಬಿತ್ತಲ್ಲ! 2024ರ ಲೋಕಸಭೆಗೆ ಮೇ 20, ವಿಧಾನಸಭೆಗೆ ನವೆಂಬರ್ 20. ಎರಡಕ್ಕೂ ಚುನಾವಣೆ ಕೆಲಸಕ್ಕೆ ನಮ್ಮಂಥ ಮಾಸ್ತರರನ್ನು ಕರೆದರು. ಆಗ ಮಾತ್ರ ನಾವು ‘ಹೆಚ್ಚುವರಿ’ ಎಂದು ಯಾರಿಗೂ ಅನ್ನಿಸಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆಮನೆಯ ಬಾಗಿಲು ತಟ್ಟುವಾಗಲೂ ಇಂಥ ಶಾಲೆಯ ಮಾಸ್ತರು ಬೇಡ ಎಂದು ಯಾವ ಜಿ.ಆರ್. ಕೂಡ ಹೇಳಲಿಲ್ಲ.

ತಮಗೊಬ್ಬರು ಪ್ರತಿಸ್ಪರ್ಧಿ ಇದ್ದಾರೆ, ಗೊತ್ತೇ? ಹೆಸರು ಅರವತ್ತು. ಅವರು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ವಾಸವಾಗಿದ್ದಾರೆ. ಒಂದರಿಂದ ಐದನೇ ತರಗತಿವರೆಗೆ ಮಕ್ಕಳ ಸಂಖ್ಯೆ ಅರವತ್ತರವರೆಗೆ ಇದ್ದರೆ ಇಬ್ಬರು ಶಿಕ್ಷಕರು ಎಂದು ಅಲ್ಲಿದೆ. ಎಷ್ಟಕ್ಕಿಂತ ಕಡಿಮೆಯಾದರೆ ಶಿಕ್ಷಕರೇ ಬೇಡ ಎಂಬುದು ಅಲ್ಲಿಲ್ಲ. ಆರರಿಂದ ಎಂಟಕ್ಕೆ ತರಗತಿಗೊಬ್ಬರಂತೆ ವಿಜ್ಞಾನ ಮತ್ತು ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕು. ಸಂಸತ್ತು ಇದನ್ನು ಬರೆಯುವಾಗ ತಮ್ಮನ್ನು ಕೇಳಲಿಲ್ಲ. ಆ ಸಿಟ್ಟಿಗೇ ತಾವು ಜಿ.ಆರ್.ಗಳ ಒಳಗೆ ಹೋಗಿ ಕೂತಿರಬೇಕು. 2025ರ ಡಿಸೆಂಬರ್ 5ರಂದು ರಾಜ್ಯದ ಶಿಕ್ಷಕರು ಶಾಲೆ ಬಂದ್ ಮಾಡಿ, ಮಾರ್ಚ್ 15ರ ಆ ಆದೇಶ ಹಿಂದೆಗೆದುಕೊಳ್ಳಿ ಎಂದು ಕೂಗಿದ್ದು ತಮ್ಮ ಕಿಟಕಿಗೆ ಕೇಳಿಸಿರಬೇಕು.

ಈಗ ನನ್ನ ಹತ್ತೊಂಬತ್ತು ಮಕ್ಕಳ ವಿಷಯ. ಇವರು ಶೆಟ್ಟರ ಮಕ್ಕಳಲ್ಲ, ಪೂಜಾರಿಗಳ ಮಕ್ಕಳಲ್ಲ. ಕರಾವಳಿಯವರು ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುತ್ತಿದ್ದ ಕಾಲ ಮುಗಿಯಿತು. ಇವರ ಅಪ್ಪಂದಿರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿಗೆ ಹೋಗುವವರು. ಈ ಊರಿನ ಗೋಪುರಗಳಿಗೆ ಇಟ್ಟಿಗೆ ಹೊತ್ತವರು. ಊರಲ್ಲಿ ಸುಗ್ಗಿ ಮುಗಿದ ಮೇಲೆ, ದೀಪಾವಳಿ ಕಳೆದು ಬರುತ್ತಾರೆ, ಮಳೆಗಾಲಕ್ಕೆ ಮುಂಚೆ ಹಿಂದಿರುಗುತ್ತಾರೆ. ಸರಕಾರ ಮಕ್ಕಳ ತಲೆ ಎಣಿಸುವುದು ಸೆಪ್ಟೆಂಬರ್ 30ಕ್ಕೆ. ಮಗು ಬರುವ ಹೊತ್ತಿಗೆ ಎಣಿಕೆ ಮುಗಿದಿರುತ್ತದೆ, ಎಣಿಕೆಯ ಹೊತ್ತಿಗೆ ಮಗು ಊರಲ್ಲಿ ತೊಗರಿ ಹೊಲದ ಬದುವಿನ ಮೇಲಿರುತ್ತದೆ. ಬಂದಿರುವ ಮಗುವನ್ನೂ ಆಧಾರ್ ಒಪ್ಪಬೇಕು. ಕಾರ್ಡಿನಲ್ಲಿ ಒಂದು ಹೆಸರು, ಜನ್ಮದಾಖಲೆಯಲ್ಲಿ ಇನ್ನೊಂದು ಎಂದಾದರೆ ಕಣ್ಣೆದುರು ಕೂತು ಮಗ್ಗಿ ಹೇಳುವ ಹುಡುಗಿ ಕಂಪ್ಯೂಟರಿನಲ್ಲಿ ಹುಟ್ಟಿಯೇ ಇರುವುದಿಲ್ಲ. ಹೀಗೆ ಹುಟ್ಟದವರನ್ನೆಲ್ಲ ಕಳೆದು ತಾವು ನಮಗೆ ಒಂದು ಸಂಖ್ಯೆ ಹೇಳುತ್ತೀರಿ. ಆಮೇಲೆ ‘ಕನ್ನಡ ಶಾಲೆಗೆ ಬೇಡಿಕೆಯೇ ಇಲ್ಲ’ ಎಂದು ಟಿಪ್ಪಣಿ ಬರೆಯುತ್ತೀರಿ.

ಬೇಡಿಕೆಯ ಮಾತು ಬಂದಿದ್ದರಿಂದ ಒಂದು ಪ್ರಶ್ನೆ. 1942ರಲ್ಲಿ ರಾಮ ನಾಯಕರು ಮಾಟುಂಗಾ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಗಿರಾಕಿಗಳು ಇಪ್ಪತ್ತು ಮಂದಿ ಬಂದು ಎಲೆ ಮುಂದೆ ಕೂತ ಮೇಲೆ ಅಡುಗೆಯವರನ್ನು ನೇಮಿಸೋಣ ಎಂದು ಅವರು ಅಂದಿದ್ದರೆ ಇವತ್ತಿಗೂ ಅಲ್ಲಿ ಸಾಲು ನಿಲ್ಲುತ್ತಿತ್ತೇ? ಒಲೆ ಉರಿಯುತ್ತಿದ್ದ ಕಾರಣ ಜನ ಬಂದರು. ಶಾಲೆಗೂ ಲೆಕ್ಕ ಅದೇ. ಗಣಿತಕ್ಕೆ ಮಾಸ್ತರರಿಲ್ಲದ ಆರನೇ ತರಗತಿಗೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಈ ವರ್ಷ ಮಾಸ್ತರು ಹೋದರೆ ಮುಂದಿನ ವರ್ಷ ಐದು ಮಕ್ಕಳು ಹೋಗುತ್ತಾರೆ. ಐವರು ಹೋದ ಕಾರಣಕ್ಕೆ ಇನ್ನೊಬ್ಬ ಮಾಸ್ತರು ‘ಹೆಚ್ಚುವರಿ’ಯಾಗಿ ಬೇರೆ ಶಾಲೆಗೆ ವರ್ಗವಾಗುತ್ತಾನೆ. ಕೊನೆಗೆ ಶಾಲೆಗೆ ಬೀಗ ಬೀಳುತ್ತದೆ, ಸತ್ತವನೇ ತನ್ನ ಸಾವಿಗೆ ಕಾರಣ ಎಂದು ವರದಿಯಾಗುತ್ತದೆ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸುವವರನ್ನು ನಾನು ಕಂಡಿದ್ದು ತಮ್ಮಲ್ಲಿ ಮಾತ್ರ.

ಸಂಬಳದ ಬಗ್ಗೆ ದೂರಿಲ್ಲ, ಕೃತಜ್ಞತೆಯಿದೆ. 2000ದಲ್ಲಿ ರಾಜ್ಯಕ್ಕೆ ‘ಶಿಕ್ಷಣ ಸೇವಕ’ ಎಂಬ ಹೊಸ ಪ್ರಾಣಿ ಬಂತು. ಮೂರು ವರ್ಷ ಅವನು ಶಿಕ್ಷಕನ ಕೆಲಸ ಮಾಡಬೇಕು, ಶಿಕ್ಷಕನ ಸಂಬಳ ಕೇಳಬಾರದು. ಪ್ರಾಥಮಿಕ ಶಾಲೆಯವನಿಗೆ ಆಗ ತಿಂಗಳಿಗೆ 3,000 ರೂಪಾಯಿ, ಆಮೇಲೆ 6,000. ಹೈಕೋರ್ಟಿನ ನಾಗಪುರ ಪೀಠ ಮಾತಾಡಿದ ಮೇಲೆ 2023ರಿಂದ 16,000. ವಿರಾರ್ ಲೋಕಲ್ಲಿನಲ್ಲಿ ನೇತಾಡಿಕೊಂಡು ಬಂದು, ವಸಾಯಿ ನಾಲಾಸೋಪಾರಾದಲ್ಲಿ ಬಾಡಿಗೆ ಕಟ್ಟಿ, ಉಳಿದಿದ್ದರಲ್ಲಿ ರಾಷ್ಟ್ರನಿರ್ಮಾಣ ಮಾಡಬೇಕು. ಇನ್ನು 2005ರ ನವೆಂಬರ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ ಎಂದು ಸರಕಾರ ತೀರ್ಮಾನಿಸಿತು. ಮುಂಬಯಿಯ ಕನ್ನಡ ಮಾಸ್ತರು ಕನ್ನಡ ರಾಜ್ಯೋತ್ಸವವನ್ನು ಎಂದಿಗೂ ಮರೆಯದಂತೆ ಮಾಡಿದ ಈ ತಾರೀಕಿಗೆ ನಮನ.

ಸಂಪನ್ಮೂಲಗಳಿಗೆ ಕೊರತೆ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಬೃಹನ್ಮುಂಬಯಿ ಮಹಾನಗರಪಾಲಿಕೆಯ 2025-26ರ ಬಜೆಟ್ಟು 74,427 ಕೋಟಿ ರೂಪಾಯಿ, ಶಿಕ್ಷಣಕ್ಕೆ ಸುಮಾರು 3,955 ಕೋಟಿ. ಪಾಲಿಕೆಯ ಶಾಲೆಗಳು ಮರಾಠಿಯಿಂದ ಕನ್ನಡದವರೆಗೆ ಎಂಟು ಮಾಧ್ಯಮಗಳಲ್ಲಿ ನಡೆಯುತ್ತವೆ. ಇಂಥ ಔದಾರ್ಯ ದೇಶದ ಬೇರೆ ಯಾವ ನಗರದಲ್ಲಿ ಕಾಣುತ್ತದೆ? ಮಕ್ಕಳಿಗೆ ಚೀಲ, ಬೂಟು, ಛತ್ರಿ ಎಂದು 27 ಬಗೆಯ ವಸ್ತುಗಳು ಉಚಿತ. ನನ್ನ ಮಕ್ಕಳು ಕೇಳುವುದು 28ನೆಯದನ್ನು, ವಿಜ್ಞಾನದ ಒಬ್ಬ ಟೀಚರನ್ನು. ಅದು ಟೆಂಡರಿನಲ್ಲಿ ಸಿಗುವುದಿಲ್ಲವಂತೆ. ರಾಜ್ಯ ಸರಕಾರವೂ ಹಿಂದೆ ಬಿದ್ದಿಲ್ಲ. ಚೀಲದ ಭಾರ ಇಳಿಸಲು 2023ರಲ್ಲಿ ಬಾಲಭಾರತಿಯ ಪಠ್ಯಪುಸ್ತಕಗಳಿಗೇ ಖಾಲಿ ಹಾಳೆಗಳನ್ನು ಹೊಲಿಸಿತು. ಪುಸ್ತಕ ದಪ್ಪವಾಯಿತು, ನೋಟುಬುಕ್ಕು ಚೀಲದಲ್ಲೇ ಉಳಿಯಿತು, 2025ರ ಆರಂಭದಲ್ಲಿ ಯೋಜನೆ ರದ್ದಾಯಿತು. ನನ್ನದೊಂದು ಸಲಹೆ: ಆ ಖಾಲಿ ಹಾಳೆಗಳನ್ನು ಉಳಿಸಿಕೊಳ್ಳಬಹುದಿತ್ತು. ಶಿಕ್ಷಕರಿಲ್ಲದ ವಿಷಯಗಳಿಗೆ ಅದಕ್ಕಿಂತ ಪ್ರಾಮಾಣಿಕ ಪಠ್ಯ ಬೇರೆ ಯಾವುದಿದೆ?

ತಮ್ಮ ಲೆಕ್ಕಕ್ಕೆ ಸಿಗದ ಶಾಲೆಗಳೂ ಈ ಊರಲ್ಲಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮೊಗವೀರರು ಕೋಟೆ ಪ್ರದೇಶದಲ್ಲಿ ರಾತ್ರಿಶಾಲೆಗೆ ದೀಪ ಹಚ್ಚಿದರು. ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಬಂತು, ಮತ್ತೂ ಹಲವು ಬಂದವು. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಕಪ್ಪುಬಸಿ ತೊಳೆದ ಹುಡುಗರು ಸಂಜೆ ಕೈ ಒರೆಸಿಕೊಂಡು ಬಂದು ಎಸ್ಸೆಸ್ಸಿಗೆ ಓದಿದರು. ಆಮೇಲೆ ಅವರಲ್ಲಿ ಕೆಲವರು ಬ್ಯಾಂಕಿನವರಾದರು, ವಕೀಲರಾದರು, ಆ ಹೋಟೆಲುಗಳ ಧಣಿಗಳೇ ಆದರು. ಇವತ್ತು ಎಷ್ಟು ಜನ ಬಂದಿದ್ದಾರೆ ಎಂದು ನೋಡಿ ಮಾಸ್ತರು ಮನೆಗೆ ಹಿಂದಿರುಗಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. 2017ರ ಮೇ 17ರ ಜಿ.ಆರ್. ಪ್ರಕಾರ ಹಗಲು ಶಾಲೆಯಲ್ಲಿ ಕಲಿಸುವವರು ರಾತ್ರಿ ಕಲಿಸಬಾರದು ಎಂದಾಯಿತು. ಒಬ್ಬನಿಗೆ ಎರಡು ಸಂಬಳ ಏಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವಿತ್ತು. ಬದಲಿ ಮಾಸ್ತರು ಬರುವ ಮುನ್ನ ಇದ್ದವರನ್ನು ಕಳಿಸಿದ್ದರಲ್ಲಿ ಮಾತ್ರ ತಮ್ಮ ಕೈಚಳಕವಿತ್ತು.

ಪೂರ್ತಿ ತಪ್ಪನ್ನು ತಮ್ಮ ತಲೆಗೆ ಕಟ್ಟುವಷ್ಟು ಕೃತಘ್ನ ನಾನಲ್ಲ. ತಮಗೆ ಈ ಪದವಿ ಸಿಕ್ಕಿದ್ದರಲ್ಲಿ ನಮ್ಮ ಪಾಲು ದೊಡ್ಡದು. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ಭಾನುವಾರ ಬಂತೆಂದರೆ ಯಾವುದಾದರೊಂದು ಸಭಾಗೃಹದಲ್ಲಿ ಶಾಲು, ಪೇಟ, ಫಲಪುಷ್ಪ. ‘ಹೊರನಾಡಿನಲ್ಲಿ ಕನ್ನಡ ಉಳಿಸಬೇಕು’ ಎಂದು ಗುಡುಗಿದ ಮುಖ್ಯ ಅತಿಥಿಗಳ ಮೊಮ್ಮಕ್ಕಳು ಹಿಂದಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿರುತ್ತಾರೆ. ನಾವು ಮೇ ತಿಂಗಳ ಬಿಸಿಲಲ್ಲಿ ಚಾಳುಗಳ ಮೆಟ್ಟಿಲು ಹತ್ತಿ ‘ಮಗುವನ್ನು ಕಳಿಸಿ’ ಎಂದರೆ, ‘ಮಾಸ್ಟ್ರೇ, ಕನ್ನಡದ ಮೇಲೆ ನಮಗೆ ಪ್ರೀತಿ ಇಲ್ಲ ಅಂತಲ್ಲ...’ ಎಂದು ಚಹಾ ಕೊಟ್ಟು ಕಳಿಸುತ್ತಾರೆ. ಚಹಾ ಚೆನ್ನಾಗಿರುತ್ತದೆ. ಕಲಿನಾದ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗವಿದೆ, ಯಶವಂತ ಚಿತ್ತಾಲರು, ವ್ಯಾಸರಾಯ ಬಲ್ಲಾಳರು ಈ ಊರಲ್ಲೇ ಕೂತು ಬರೆದರು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆರನೇ ತರಗತಿಗೆ ಸೊನ್ನೆ ಬಿದ್ದ ಊರಿನಿಂದ ಎಂ.ಎ.ಗೆ ಯಾರು ಹೋಗುತ್ತಾರೆ ಎಂದು ಯಾವ ವೇದಿಕೆಯಲ್ಲೂ ಕೇಳಿಕೊಳ್ಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಸರಳ. ಒಂದು, ತಾವು ದೀರ್ಘ ರಜೆಯ ಮೇಲೆ ಹೋಗಬೇಕು, ಆ ಕುರ್ಚಿಗೆ ಕಾಯ್ದೆಯ ಅರವತ್ತು ಅವರು ಬಂದು ಕೂರಬೇಕು. ಎರಡು, ಕನ್ನಡ, ತಮಿಳು, ತೆಲುಗಿನಂಥ ಸಣ್ಣ ಮಾಧ್ಯಮಗಳ ಶಾಲೆಗೆ ಮೊದಲು ಐದು ವರ್ಷ ವಿಷಯಕ್ಕೊಬ್ಬ ಶಿಕ್ಷಕರನ್ನು ಕೊಟ್ಟು, ಆಮೇಲೆ ಮಕ್ಕಳನ್ನು ಎಣಿಸಬೇಕು. ಮೂರು, ಎಣಿಕೆ ಸೆಪ್ಟೆಂಬರಿನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಆಗಬೇಕು. ಇಟ್ಟಿಗೆ ಹೊರುವವರ ಮಕ್ಕಳಿಗೂ ತಲೆಗಳಿರುತ್ತವೆ. ಇಷ್ಟಾದ ಮೇಲೂ ಮಕ್ಕಳು ಬರದಿದ್ದರೆ ಬೀಗದ ಕೈಯನ್ನು ನಾನೇ ತಂದು ವಾರ್ಡ್ ಆಫೀಸಿನಲ್ಲಿ ಕೊಡುತ್ತೇನೆ, ಆಟೋ ಭತ್ಯೆಯನ್ನೂ ಕೇಳುವುದಿಲ್ಲ.

ಇಂತಿ ತಮ್ಮ ವಿಧೇಯ,
ಮಂಜೂರಾಗಿದ್ದ ಹುದ್ದೆಯ ಮಾಸ್ತರು

ಪ್ರತಿ:
1. ಶಾಲಾ ಶಿಕ್ಷಣ ಇಲಾಖೆಗೆ, ಮಾಹಿತಿಗಾಗಿ. ಪೋರ್ಟಲ್ ತೆರೆದ ದಿನ ಅಪ್‌ಲೋಡ್ ಮಾಡಲಾಗುವುದು.
2. ಕರ್ನಾಟಕ ಸರಕಾರಕ್ಕೆ. ಹೊರನಾಡ ಕನ್ನಡಿಗರ ಪ್ರಶಸ್ತಿ ಫಲಕದ ಬದಲು ಒಬ್ಬ ಗಣಿತ ಶಿಕ್ಷಕರನ್ನು ಕಳಿಸಿದರೆ ಗೋಡೆಗೆ ಮೊಳೆ ಹೊಡೆಯುವ ಕೆಲಸ ಉಳಿಯುತ್ತದೆ.
3. ಮುಂಬಯಿಯ ಸಮಸ್ತ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಅಗತ್ಯ ಕ್ರಮಕ್ಕಾಗಿ. ಇಪ್ಪತ್ತನೆಯ ಮಗುವಿನ ಜಾಗ ಖಾಲಿ ಇದೆ. ಅರ್ಜಿ ನಮೂನೆ ಉಚಿತ, ಮೊಮ್ಮಗನ ಆಧಾರ್ ಕಾರ್ಡ್ ತನ್ನಿ.