ಶನಿವಾರದ ಡಾಕ್ಟರು

ನಮ್ಮ ಹಿಂದೂಪುರದಲ್ಲಿ ಬೀದಿಗೊಬ್ಬ ಡಾಕ್ಟರ್ ಇದ್ದಾನೆ ಅಂದರೆ ಸುಳ್ಳಾಗುತ್ತದೆ. ಬೀದಿಗೊಬ್ಬ ಪಿಜಿಗೆ ಓದುತ್ತಿರುವ ಡಾಕ್ಟರ್ ಇದ್ದಾನೆ ಅನ್ನಿ, ಯಾರೂ ತಕರಾರು ಮಾಡುವುದಿಲ್ಲ. ಎಂಬಿಬಿಎಸ್ ಮುಗಿಸಿರುತ್ತಾನೆ. ಮದುವೆ ಯಾವಾಗಪ್ಪ ಅಂದರೆ ಪಿಜಿ ಆಗಲಿ ಅನ್ನುತ್ತಾನೆ. ಪಿಜಿ ಯಾವಾಗಪ್ಪ ಅಂದರೆ ಆಕಾಶ ನೋಡುತ್ತಾನೆ. ಆ ಆಕಾಶದಲ್ಲಿ ಏನು ನೋಡುತ್ತಾನೆ ಅನ್ನುವುದೇ ನನ್ನ ವಿಷಯ.

ನಾನು ಹೇಳುತ್ತಿರುವ ಮಾದರಿಯನ್ನು ಗುರುತಿಸುವುದು ಕಷ್ಟವಲ್ಲ. ಹಣೆಯಲ್ಲಿ ವಿಭೂತಿ, ಮುಂಗೈಯಲ್ಲಿ ಕಪ್ಪು ದಾರ, ಕಿವಿಯಲ್ಲಿ ಕೋಚಿಂಗ್ ಆ್ಯಪ್‌ನ ಪಾಠ. ವಾರದಲ್ಲಿ ಐದು ದಿನ ಕಲ್ಯಾಣದುರ್ಗದ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್. ಭಾನುವಾರ ಹಿಂದೂಪುರದಲ್ಲಿ ಅಮ್ಮನ ಕೈ ಮುದ್ದೆ. ಎರಡು ಊರೂ ಆಂಧ್ರ, ನಡುವೆ ಪಾವಗಡ ಮಾತ್ರ ಕರ್ನಾಟಕ. ಶನಿವಾರ ಅವನು ಇಳಿಯುವುದು ಅಲ್ಲೇ, ಶನಿಮಹಾತ್ಮನ ಗುಡಿಯ ಹತ್ತಿರ.

ಹಿಂದೆ ಹೀಗಿರಲಿಲ್ಲ. ಮೊದಲ ವರ್ಷದ ರಜೆಗೆ ಬಂದಾಗ ಅಮ್ಮ ದೇವರ ಮುಂದೆ ನಿಲ್ಲು ಅಂದದ್ದಕ್ಕೆ, "ಹೃದಯ ಕೊಯ್ದು ನೋಡಿದೀನಮ್ಮ. ನಾಲ್ಕು ಕೋಣೆ ಇವೆ. ಒಂದರಲ್ಲೂ ದೇವರಿಲ್ಲ" ಅಂದವನು. ಮೈಮೇಲೆ ದೇವರು ಬರುವ ಸೋದರತ್ತೆಗೆ ಅದೊಂದು ಕಾಯಿಲೆ ಅಂತ ಹೇಳಿ, ಆರು ತಿಂಗಳು ಆ ಮನೆಯ ಊಟ ಕಳೆದುಕೊಂಡವನು. ನೆಂಟರನ್ನು ಲೇಪಾಕ್ಷಿಗೆ ಕರೆದುಕೊಂಡು ಹೋದಾಗ, ಖಜಾನೆಯ ಹಣ ದುಂದು ಮಾಡಿದ ಅಪವಾದಕ್ಕೆ ನೊಂದು, ಅಲ್ಲಿನ ಗುಡಿ ಕಟ್ಟಿಸಿದ ವಿರೂಪಣ್ಣ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದ ಕಥೆ ಬಂತು. ಗೋಡೆಯ ಎರಡು ಕೆಂಪು ಕಲೆಗಳನ್ನು ಅವರೆಲ್ಲ ಕೈಮುಗಿದು ನೋಡುತ್ತಿದ್ದರೆ, ಅಷ್ಟು ವರ್ಷಕ್ಕೆ ರಕ್ತ ಕೆಂಪಗೆ ಉಳಿಯುವುದಿಲ್ಲ ಎಂದು ಇವನ ಉಪನ್ಯಾಸ. ಒಟ್ಟಿನಲ್ಲಿ ಯಾವ ಮನೆಯೂ ಸಮಾರಂಭಕ್ಕೆ ಕರೆಯಲು ಹಿಂದೆ ಮುಂದೆ ನೋಡುವಂಥ ವಿಚಾರವಾದಿ.

ಇಂಥವನು ತಿರುಗಿದ್ದು 2024ರ ಜೂನ್ 22ರ ರಾತ್ರಿ.

ಮಾರನೆಯ ದಿನ ನೀಟ್ ಪಿಜಿ ಪರೀಕ್ಷೆ. ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಡಾಕ್ಟರುಗಳು ಪರವೂರಿನ ಲಾಡ್ಜುಗಳಲ್ಲಿ, ನೆಂಟರ ಮನೆಯ ಹಾಲ್‌ಗಳಲ್ಲಿ ಕೊನೆಯ ಸಲ ಪುಟ ತಿರುವಿ ಹಾಕುತ್ತಿದ್ದರು. ಆ ತಿಂಗಳೇ ಸರಿಯಿರಲಿಲ್ಲ ಬಿಡಿ. ಪಿಯುಸಿ ಮಕ್ಕಳ ನೀಟ್‌ನಲ್ಲಿ 67 ಜನಕ್ಕೆ 720ಕ್ಕೆ 720 ಬಂದು, 1563 ಮಂದಿಗೆ ಕೊಟ್ಟ ಕೃಪಾಂಕ ವಾಪಸಾಗಿ, ಪ್ರಶ್ನೆಪತ್ರಿಕೆ ಸೋರಿದ ಮಾತು ಊರೆಲ್ಲ ಹಬ್ಬಿತ್ತು. ಅದರ ಬಿಸಿ ಪಿಜಿಗೂ ತಟ್ಟಿ, ಆ ರಾತ್ರಿ ಊಟದ ಹೊತ್ತಿಗೆ ಆರೋಗ್ಯ ಸಚಿವಾಲಯದ ಪ್ರಕಟಣೆ ಬಂತು: ಮುನ್ನೆಚ್ಚರಿಕೆಗಾಗಿ ಪರೀಕ್ಷೆ ಮುಂದಕ್ಕೆ ಹಾಕಲಾಗಿದೆ. ಎಲ್ಲಿಗೆ ಮುಂದಕ್ಕೆ ಅಂತ ಹೇಳಿರಲಿಲ್ಲ. ಲಾಡ್ಜಿನವನು ಬಾಡಿಗೆ ವಾಪಸು ಕೊಡಲಿಲ್ಲ.

ನಮ್ಮ ಡಾಕ್ಟರು ಮನೆಗೆ ಫೋನು ಮಾಡಿದ. ಬೆಲ್ಲದ ಮಂಡಿಯ ಅಪ್ಪ ಆಕಳಿಸಿ, "ಹೋಗ್ಲಿ ಬಿಡು, ಸರಕು ನಾಳೆ ಮಾರಿದ್ರಾಯ್ತು" ಅಂದರು. ಅಮ್ಮ ಫೋನು ಕಸಿದುಕೊಂಡು ಕೇಳಿದ್ದು ಒಂದೇ ಮಾತು: "ಇವತ್ತು ಯಾವ ವಾರ ಅಂತ ನೋಡ್ದೇನಪ್ಪಾ?"

ನೋಡಿದ. ಶನಿವಾರ.

ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ನಿನ್ನದು ಮಕರ ರಾಶಿ, 2017ರಲ್ಲಿ ಶನಿ ಧನುಸ್ಸಿಗೆ ಬಂದ ವರ್ಷವೇ ನೀನು ಕಾಲೇಜಿಗೆ ಸೇರಿದೆ, ಸಾಡೇಸಾತಿ ಶುರುವಾದದ್ದೂ ಆಗಲೇ ಅಂದರು. ನಮ್ಮವನು ಲೆಕ್ಕ ಹಾಕಿದ. ತರಗತಿ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಒಟ್ಟು ಐದೂವರೆ. ಪಿಜಿ ಸೀಟಿಗೆ ಕಾಯುವುದು ಎರಡು. ಸೇರಿಸಿದರೆ ಸಾಡೇಸಾತಿಯಷ್ಟೇ, ಏಳೂವರೆ. ಯಾವ ಪ್ರೊಫೆಸರೂ ಅವನಿಗೆ ಇಷ್ಟು ನಿಖರವಾಗಿ ರೋಗನಿದಾನ ಮಾಡಿ ತೋರಿಸಿರಲಿಲ್ಲ.

ಮುಂದಿನ ಶನಿವಾರ ಪಾವಗಡದಲ್ಲಿ ಎಳ್ಳುಬತ್ತಿ ಹಚ್ಚಿದ. ಹೊಸ ದಿನಾಂಕ ಬಂತು: ಆಗಸ್ಟ್ 11, ಭಾನುವಾರ. ಕ್ಯಾಲೆಂಡರ್ ನೋಡಿದರೆ ಅದರ ಹಿಂದಿನ ದಿನ ಶ್ರಾವಣದ ಮೊದಲ ಶನಿವಾರ! ಪಾವಗಡದಲ್ಲಿ ಕಾಲಿಡಲು ಜಾಗವಿಲ್ಲದ ದಿನ. ಬೇರೆಯವರು ಕೊನೆಯ ರಿವಿಷನ್ ಮಾಡುತ್ತಿದ್ದಾಗ ಇವನು ಸಾಲಿನಲ್ಲಿ ನಿಂತು ಫಾರ್ಮಕಾಲಜಿ ಕೇಳುತ್ತಿದ್ದ, ಒಂದೇ ಕಿವಿಯಲ್ಲಿ. ಇನ್ನೊಂದು ಕಿವಿಯನ್ನು ಮಂತ್ರಕ್ಕೆ ಬಿಟ್ಟಿದ್ದ. ಆ ವರ್ಷ ಪರೀಕ್ಷೆ ಎರಡು ಪಾಳಿಯಲ್ಲಿ ನಡೆದು, ಎರಡಕ್ಕೂ ಸರಿತೂಗಿಸುವ ಒಂದು ಸೂತ್ರದಿಂದ ರ್‍ಯಾಂಕ್ ಹಾಕಿದರು. ಆ ಸೂತ್ರ ಅರ್ಥವಾದವರನ್ನು ನಾನಿನ್ನೂ ಕಂಡಿಲ್ಲ. ಕರ್ಮಸಿದ್ಧಾಂತ ಎಷ್ಟೋ ಸರಳ.

ಸೀಟು ಬಂತು, ಬಯಸಿದ ರೇಡಿಯಾಲಜಿ ಬರಲಿಲ್ಲ. ಬಂದದ್ದನ್ನು ಬಿಟ್ಟು ಮತ್ತೆ ಓದಲು ಕೂತ. ಹಾಗೆ ಬಿಡುವವರನ್ನು ಹುಚ್ಚರು ಅನ್ನಬೇಡಿ. ಅದರ ಹಿಂದಿನ ವರ್ಷ, 2023ರಲ್ಲಿ, ಸೀಟು ಖಾಲಿ ಉಳಿದು ಅರ್ಹತೆಯನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿದ್ದರು. ನಮ್ಮ ಶರಣರು ಜೀವಮಾನವಿಡೀ ಸಾಧನೆ ಮಾಡಿ ಸಂಪಾದಿಸಿದ ಶೂನ್ಯ ಒಂದೇ ಸುತ್ತೋಲೆಯಲ್ಲಿ ಎಲ್ಲರಿಗೂ ಸಿಕ್ಕಿತ್ತು. ಅಂಥ ಕಾಲದಲ್ಲಿ ಯಾರು ತಾನೇ ಆಸೆ ಬಿಡುತ್ತಾರೆ?

ಅಷ್ಟು ಹೊತ್ತಿಗೆ ಭಕ್ತಿ ಪಕ್ಕದ ವಿಭಾಗಗಳಿಗೂ ಹರಡಿತ್ತು. ಶನಿಗೆ ಹನುಮಂತನೆಂದರೆ ಭಯ ಎಂದು ಯಾರೋ ಅಂದರು. ಶ್ರಾವಣದಲ್ಲಿ ಕಸಾಪುರ, ಮುರಡಿ, ನೇಮಕಲ್ಲು ಮೂರೂ ಆಂಜನೇಯರನ್ನು ಒಂದೇ ದಿನದಲ್ಲಿ ನೋಡುವುದು ನಮ್ಮ ಕಡೆಯ ವಾಡಿಕೆ. ಇವನು ನೈಟ್ ಡ್ಯೂಟಿ ಮುಗಿಸಿ ಬಸ್ ಹತ್ತಿದ. ಹನುಮಂತನ ಮೇಲೆ ಅವನಿಗೆ ವಿಶೇಷ ಅಭಿಮಾನ. "ಯಾವುದು ಸರಿಯಾದ ಗಿಡ ಅಂತ ಗೊತ್ತಾಗ್ಲಿಲ್ಲ, ಆದ್ರೆ ಪೇಷೆಂಟ್ ಸಾಯಲಿಲ್ಲ ನೋಡಿ" ಅನ್ನುತ್ತಾನೆ. ಪಾವಗಡದಲ್ಲಿ ಶನಿಯ ಜೊತೆಗಿರುವ ಶೀತಲಾಂಬೆಗೂ ಕೈಮುಗಿಯುತ್ತಾನೆ. ಸಿಡುಬಿನ ತಾಯಿ, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತು ಎಂದು ಸಾರಿದ ಮೇಲೂ ಆಕೆಯ ಮುಂದಿನ ಸಾಲು ಕರಗಿಲ್ಲ. ಹಾಗೆಯೇ ಪಾವಗಡದ ತಿರುಮಣಿಯಲ್ಲಿ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಸೂರ್ಯ ಶನಿಯ ತಂದೆ, ಪುರಾಣದಲ್ಲಿ ಅಪ್ಪ ಮಗನಿಗೆ ಮಾತಿಲ್ಲ. ಆದರೂ ಒಂದೇ ತಾಲ್ಲೂಕಿನಲ್ಲಿ ಇಬ್ಬರೂ ತಮ್ಮ ತಮ್ಮ ಕಸುಬು ನೋಡಿಕೊಂಡಿದ್ದಾರೆ. ಮಂಡಿಯ ಅಪ್ಪನಿಗೆ ಇದನ್ನು ಹೇಳಿದರೆ ಅವರು ನಗಲಿಲ್ಲ. ಐದೂವರೆ ವರ್ಷದ ಖರ್ಚು ಕೊಟ್ಟವರು.

ನಿಜವಾದ ಪರೀಕ್ಷೆ ಬಂದದ್ದು 2025ರಲ್ಲಿ. ಮಾರ್ಚ್ 29ಕ್ಕೆ ಶನಿ ಕುಂಭ ಬಿಟ್ಟು ಮೀನಕ್ಕೆ ಹೋದ. ಮಕರ ರಾಶಿಯವರಿಗೆ ಸಾಡೇಸಾತಿ ಮುಗಿಯಿತು. ಅಮ್ಮ ಬೀದಿಗೆಲ್ಲ ಒಬ್ಬಟ್ಟು ಹಂಚಿದರು. ಪರೀಕ್ಷೆ ಜೂನ್ 15ಕ್ಕೆ ನಿಗದಿಯಾಗಿತ್ತು. ಇನ್ನು ಅಡ್ಡಿ ಯಾರದು? ಎರಡು ಪಾಳಿ ಬೇಡ, ಒಂದೇ ಪಾಳಿಯಲ್ಲಿ ನಡೆಸಿ ಎಂದು ಮೇ 30ರಂದು ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ಮಾತೇ. ಅಷ್ಟು ಜನಕ್ಕೆ ಒಂದೇ ಸಲ ಕಂಪ್ಯೂಟರ್ ಹೊಂದಿಸಬೇಕಾಗಿ ಬಂದು ಪರೀಕ್ಷೆ ಆಗಸ್ಟ್ 3ಕ್ಕೆ ಹೋಯಿತು. ಅದೂ ಭಾನುವಾರ, ಹಿಂದಿನ ದಿನ, ನೀವು ಊಹಿಸಿದ ಹಾಗೆ, ಶ್ರಾವಣ ಶನಿವಾರ.

ಭಕ್ತಿ ಇಲ್ಲಿಗೆ ಮುಗಿಯಿತು ಅಂದುಕೊಂಡೆ ನಾನು. ಶನಿ ಬಿಟ್ಟ ಮೇಲೂ ಪರೀಕ್ಷೆ ಮುಂದಕ್ಕೆ ಹೋಯಿತಲ್ಲ, ಇನ್ನೇನು ಉಳಿಯಿತು? ಅವನು ಮಾತ್ರ ಪಾವಗಡಕ್ಕೆ ಹೋದ, ಕ್ಷಮೆ ಕೇಳಲು. "ಇಷ್ಟು ದಿವ್ಸ ಸ್ವಾಮಿ ಮೇಲೆ ಸುಮ್ನೆ ಅಪವಾದ ಹೊರಿಸಿದ್ನಲ್ಲ ಸಾರ್. ತಪ್ಪು ಅವರದಲ್ಲ ಅಂತ ಈಗ ಪ್ರೂವ್ ಆಯ್ತು" ಅಂದ. ಅದುವರೆಗೆ ಅವನದು ಹೆದರಿಕೆ, ಆಮೇಲಿನದೇ ಭಕ್ತಿ.

ನನಗೂ ಅವನ ವಾದ ಸರಿ ಅನ್ನಿಸುತ್ತದೆ. ಕಾಲೇಜಿಗೆ ಸೇರುವಾಗ ಅವನ ವಿಶ್ವವಿದ್ಯಾಲಯದ ಹೆಸರು ಎನ್‌ಟಿಆರ್ ಅವರದು. 2022ರಲ್ಲಿ ವೈಎಸ್‌ಆರ್ ಅವರದಾಯಿತು. 2024ರಲ್ಲಿ ಸರ್ಕಾರ ಬದಲಾಗಿ ಮತ್ತೆ ಎನ್‌ಟಿಆರ್. ಪರೀಕ್ಷೆಯ ದಿನಾಂಕ ರಾತ್ರೋರಾತ್ರಿ ಹೋಗುತ್ತದೆ, ಪಾಳಿ ಬದಲಾಗುತ್ತದೆ, ಅರ್ಹತೆ ಸೊನ್ನೆಗೆ ಇಳಿಯುತ್ತದೆ. ಶನಿ ಯಾವ ವರ್ಷ ಯಾವ ತಾರೀಖು ಯಾವ ಮನೆಗೆ ಹೋಗುತ್ತಾನೆ ಅನ್ನುವುದು ಮಾತ್ರ ಪಂಚಾಂಗದಲ್ಲಿ ವರ್ಷಗಳ ಮುಂಚೆಯೇ ಅಚ್ಚಾಗಿರುತ್ತದೆ. ಒಮ್ಮೆಯೂ ಹಿಂದಿನ ರಾತ್ರಿ ಪ್ರಕಟಣೆ ಹೊರಡಿಸಿ ಸಂಚಾರ ಮುಂದೂಡಿಲ್ಲ. ವಿಜ್ಞಾನ ಓದಿದವನು ಕರಾರುವಾಕ್ಕಾದುದನ್ನು ನಂಬಬೇಕಲ್ಲವೇ?

ಲೇಪಾಕ್ಷಿಯ ಉಪನ್ಯಾಸವೂ ಈಗ ಬದಲಾಗಿದೆ. ಕೆಂಪು ಕಲೆಗಳ ಸುದ್ದಿ ಎತ್ತುವುದಿಲ್ಲ. ಸೀದಾ ಅರ್ಧಕ್ಕೆ ನಿಂತ ಕಲ್ಯಾಣ ಮಂಟಪಕ್ಕೆ ಕರೆದೊಯ್ಯುತ್ತಾನೆ. ವಿಜಯನಗರದವರು ಪೂರ್ತಿ ಮಾಡದೆ ಬಿಟ್ಟದ್ದನ್ನೂ ಜನ ಟೋಪಿ ತೆಗೆದು ನೋಡುತ್ತಾರೆ ಅನ್ನುವುದು ಅವನಿಗೆ ದೊಡ್ಡ ಸಮಾಧಾನ. ಅಲ್ಲೇ ನಿಂತು ಅಮ್ಮ ಮದುವೆಯ ಮಾತು ತೆಗೆದರೆ ಮಾತ್ರ ದೊಡ್ಡ ಬಸವಣ್ಣನನ್ನು ತೋರಿಸಬೇಕೆಂದು ಹೊರಟುಬಿಡುತ್ತಾನೆ.

ಒಂದು ಮಾತು ಅವನ ಪರವಾಗಿ ಹೇಳಲೇಬೇಕು. ಚೀಟಿಯಲ್ಲಿ ದೇವರನ್ನು ಬರೆಯುವುದಿಲ್ಲ. ಬಿ.ಪಿ. ಮಾತ್ರೆ ನಿಲ್ಲಿಸಿ ಎಳ್ಳೆಣ್ಣೆ ಹಚ್ಚಿ ಎಂದು ಯಾರಿಗೂ ಹೇಳಿಲ್ಲ, ಹಾಗೆ ಮಾಡಿ ಬಂದವರಿಗೆ ಚೆನ್ನಾಗಿ ಬೈಯುತ್ತಾನೆ. ಆದರೆ ಕಲ್ಯಾಣದುರ್ಗದ ಹಳ್ಳಿಯ ಮುದುಕ ಬಂದು "ಶನಿ ಹಿಡಿದೈತಪ್ಪಾ" ಅಂದರೆ ಮೊದಲಿನ ಹಾಗೆ ನಗುವುದಿಲ್ಲ. ಕುರ್ಚಿ ಎಳೆದುಕೊಂಡು, "ಎಷ್ಟು ವರ್ಷದಿಂದ ತಾತಾ? ಮೊದಲು ಕಾಲಿಗಾ, ಕಣ್ಣಿಗಾ? ರಾತ್ರಿ ಎಷ್ಟು ಸಲ ಏಳ್ತೀಯ?" ಅಂತ ಕೇಳುತ್ತಾನೆ. ರೋಗಿಯ ಚರಿತ್ರೆ ಹೀಗೆ ಕೇಳಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಾಗ ಅವನಿಗೆ ವ್ಯವಧಾನವಿರಲಿಲ್ಲ. ತಾತ ಶನಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಬೆರಳಿನಿಂದ ರಕ್ತ ತೆಗೆದು ಸಕ್ಕರೆ ನೋಡಿರುತ್ತಾನೆ. ಶನಿಗೆ ಶಾಂತಿ, ಸಕ್ಕರೆಗೆ ಮೆಟ್‌ಫಾರ್ಮಿನ್. ತಾತ ಎರಡನ್ನೂ ತಪ್ಪಿಸುವುದಿಲ್ಲ, ಏಕೆಂದರೆ ಹೇಳಿದವನ ಹಣೆಯಲ್ಲಿ ವಿಭೂತಿ ಇದೆ.

ನೀವು ಆ ಕಡೆ ಹೋದಾಗ ಜ್ವರ ಬಂದರೆ ಧೈರ್ಯವಾಗಿ ಅವನಲ್ಲಿಗೆ ಹೋಗಿ, ಒಳ್ಳೆಯ ಡಾಕ್ಟರು. ಶನಿವಾರ ಮಾತ್ರ ಬೇಡ. ಅವತ್ತು ಅವನೇ ಇನ್ನೊಬ್ಬರ ಸರತಿಯಲ್ಲಿ ನಿಂತಿರುತ್ತಾನೆ.