ಒಂಬತ್ತು ವ್ಯಾಟಿನ ಕಾವಲುಗಾರ

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಖಾಲಿಯಿರುವ ಹುದ್ದೆ ಒಂದೇ, ಲೈಟು ಆರಿಸುವುದು. ಅರ್ಜಿ ಹಾಕಬೇಕಿಲ್ಲ, ಪೈಪೋಟಿಗೆ ಯಾರೂ ಬರುವುದಿಲ್ಲ. ಬ್ಯಾಂಕಿನಲ್ಲಿ ಹಾರ ಹಾಕಿಸಿಕೊಂಡು ಬಂದ ಮರುದಿನವೇ ನಾನು ಅಧಿಕಾರ ವಹಿಸಿಕೊಂಡೆ. ಯಾರಾದರೂ ಕೋಣೆಯಿಂದ ಒಂದು ಕಾಲು ಆಚೆ ಇಟ್ಟರೆ ಸಾಕು, ಇನ್ನೊಂದು ಕಾಲು ಕತ್ತಲಲ್ಲಿರುತ್ತಿತ್ತು. ಒಂದು ದಿನ ಮಗ ಬಚ್ಚಲಲ್ಲಿದ್ದಾನೆಂದು ನೋಡದೆ ಹೊರಗಿನ ಸ್ವಿಚ್ ಒತ್ತಿಬಿಟ್ಟೆ. ಒಳಗಿಂದ ಕೂಗು ಬಂತು: "ಅಪ್ಪಾ, ಕಣ್ಣಲ್ಲಿ ಸೋಪಿದೆ!"

"ಹಾಗಾದ್ರೆ ಕಣ್ಣು ಮುಚ್ಕೊಂಡೇ ಇರ್ತೀಯಲ್ಲ, ಲೈಟ್ ಯಾಕೆ?" ಎಂದೆ. ಇವತ್ತಿಗೂ ಆ ಮಾತಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತಪ್ಪು ಕಂಡದ್ದು ನಮ್ಮಾಕೆಗೆ. ಅವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನನ್ನದು ಬಡ್ಡಿ ಲೆಕ್ಕ, ಅವಳದು ಜೂಲ್ ಲೆಕ್ಕ.

"ಏನೂಂದ್ರೆ, ಆ ಬಲ್ಬು ಎಷ್ಟು ವ್ಯಾಟು?"

"ಎಲ್‌ಇಡಿ. 9 ವ್ಯಾಟ್."

"ಅದು ಒಂದು ಯೂನಿಟ್ ತಿನ್ನೋಕೆ 111 ಗಂಟೆ ಬೇಕು. ಹಗಲೂ ರಾತ್ರಿ ಉರಿದ್ರೂ ನಾಲ್ಕೂವರೆ ದಿನ. ಗೀಸರ್ ಹಾಕಿ ಪೇಪರ್ ಓದ್ತಾ ಕೂತಿದ್ದೀರಲ್ಲ, ಅದು 2000 ವ್ಯಾಟು. ನೀವು ಕ್ರೀಡಾಪುಟ ಮುಗಿಸೋದ್ರೊಳಗೆ ಒಂದು ಯೂನಿಟ್ ಖಾಲಿ."

ಅಂದರೆ ನಾಲ್ಕೂವರೆ ದಿನ ಪಹರೆ ಕಾಯ್ದು ಉಳಿಸಿದ್ದನ್ನು ಕ್ರಿಕೆಟ್ ಸ್ಕೋರು ನೋಡುವಷ್ಟರಲ್ಲಿ ಕಳೆದಿದ್ದೆ. ನಮ್ಮಪ್ಪ ಲೈಟಿನ ವಿಷಯಕ್ಕೆ ಬೈಯುತ್ತಿದ್ದ ಕಾಲಕ್ಕೆ ಮನೆಯಲ್ಲಿದ್ದದ್ದು 60 ವ್ಯಾಟಿನ ಬುರುಡೆ ಬಲ್ಬು, ಗೀಸರ್ ಇರಲೇ ಇಲ್ಲ. ಅವರ ಬೈಗುಳಕ್ಕೆ ಅರ್ಥವಿತ್ತು. ಬಲ್ಬು ಬದಲಾಯಿತು, ನಾನು ಬೈಗುಳವನ್ನು ಮಾತ್ರ ಹಾಗೇ ಇಟ್ಟುಕೊಂಡೆ.

ಇನ್ನೊಂದು ಗಾಯವೂ ಇದೆ. 2023ರಲ್ಲಿ ಗೃಹಜ್ಯೋತಿ ಬಂತಲ್ಲ, ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿ ಅಷ್ಟು ಯೂನಿಟ್ ಉಚಿತ ಎಂದರು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಪಕ್ಕದ ಮನೆಯಲ್ಲಿ ಹಾಲ್, ರೂಮು, ಕಾರಿಡಾರು ಎಲ್ಲ ಕಡೆ ದೀಪಾವಳಿ. ಅವರ ಸರಾಸರಿ 180, ಪಾಲು 198. ನಾನು ಕಾವಲು ಕಾಯ್ದ ನಮ್ಮ ಮನೆಯ ಸರಾಸರಿ 140, ಪಾಲು 154. ಧಾರಾಳವಾಗಿ ಉರಿಸಿದವರಿಗೆ ದೊಡ್ಡ ಎಲೆ, ಜಿಪುಣನಿಗೆ ಚಿಕ್ಕ ಎಲೆ! ಈ ಪಂಕ್ತಿಭೇದದ ಬಗ್ಗೆ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡೆ. ಅವರು ಸಹಾನುಭೂತಿಯಿಂದ ವರಾಂಡದ ಲೈಟು ಹಾಕಿ, ಕೂರಿಸಿ ಕಾಫಿ ಕೊಟ್ಟರು.

ಈ ರಗಳೆಯೇ ಬೇಡವೆಂದು ಮಗ ಗೀಸರ್ ಬದಲು ತಾರಸಿಯ ಮೇಲೆ ನೀರು ಕಾಯಿಸುವ ಸೋಲಾರ್ ಹಾಕಿಸಿದ. ಸೂರ್ಯನಿಗೆ ಬಿಲ್ಲಿಲ್ಲ, ಸರಿ. ಆದರೆ ಟ್ಯಾಂಕು ಮೂರನೇ ಮಹಡಿಯ ಮೇಲೆ, ನಮ್ಮ ಬಚ್ಚಲು ನೆಲಮಹಡಿಯಲ್ಲಿ. ನಡುವೆ ಪೈಪಿನೊಳಗೆ ರಾತ್ರಿಯೆಲ್ಲ ನಿಂತು ತಣ್ಣಗಾದ ನೀರು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಅದಷ್ಟೂ ಇಳಿಯಬೇಕು. ಕೈ ಒಡ್ಡಿದರೆ ತಣ್ಣಗೆ. ಸ್ವಲ್ಪ ತಾಳಿ ಒಡ್ಡಿದರೆ ಇನ್ನೂ ತಣ್ಣಗೆ. "ಬಂತೇನ್ರೀ?" ಎಂದು ಹೊರಗಿನಿಂದ ಒಬ್ಬರು, "ಬರ್ತಾ ಇದೆ" ಎಂದು ಒಳಗಿನಿಂದ ಒಬ್ಬರು, ಹೆರಿಗೆ ಆಸ್ಪತ್ರೆಯ ಹಾಗೆ. ಬಿಸಿನೀರು ಬರುವಷ್ಟರಲ್ಲಿ ನಮಗಿಂತ ಮೊದಲು ಮೋರಿಯ ಸ್ನಾನ ಮುಗಿದಿರುತ್ತಿತ್ತು.

"ಅರ್ಧ ಬಕೆಟ್ ನೀರು ತಾನೇ, ಅದಕ್ಕೇನು ಮಹಾ ದುಡ್ಡು?" ಎಂದೆ. ಬಾಯಿ ತಪ್ಪಿ ಅಂದೆ.

"ನಿಮ್ಮಮ್ಮ ಇದ್ದಿದ್ರೆ ಹೀಗಂತಿದ್ರಾ?" ಎಂದಳು ನಮ್ಮಾಕೆ.

ಅಂತಿರಲಿಲ್ಲ. ತೀರ್ಥಹಳ್ಳಿಯ ಕಡೆ ನಮ್ಮ ಹಳೇ ಮನೆಯಲ್ಲಿ ಬಾವಿಯಿಂದ ನೀರು ಸೇದುತ್ತಿದ್ದದ್ದು ಅಮ್ಮ. ಅಕ್ಕಿ ತೊಳೆದ ಅಕ್ಕಚ್ಚು ಕೊಟ್ಟಿಗೆಗೆ ಹೋಗುತ್ತಿತ್ತು, ಬಚ್ಚಲ ನೀರು ಬಾಳೆಯ ಬುಡಕ್ಕೆ. ಹಂಡೆಯ ಒಲೆಗೆ ಅಡಿಕೆ ಹಾಳೆ, ತೆಂಗಿನ ಸಿಪ್ಪೆ. ಹಾಗಂತ ಆ ಕಾಲವನ್ನು ಬಾಯ್ತುಂಬ ಹೊಗಳಲಾರೆ. ಬಾವಿ ಸೇದಿದ್ದು ಅಮ್ಮ, ಒಲೆಯ ಹೊಗೆ ಕುಡಿದದ್ದು ಅಜ್ಜಿ, ಹದವಾದ ಬಿಸಿನೀರು ಮಿಂದು "ಆಹಾ" ಎಂದದ್ದು ಅಜ್ಜ. ಆದರೆ ಹಗ್ಗ ಎಳೆದ ಕೈಗೆ ಕೊಡದ ತೂಕ ಗೊತ್ತಿರುತ್ತದೆ. ನನ್ನ ಕೈಗೆ ಗೊತ್ತಿರುವುದು ನಲ್ಲಿಯ ತಿರುಪು ಮಾತ್ರ.

ನಾವೀಗ ಇರುವ ಬೆಂಗಳೂರಿನ ಬಾವಿ ಎಷ್ಟು ಆಳ ಗೊತ್ತೇ? ಕಾವೇರಿ ನೀರು ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ, ಅದರ ಮೇಲೆ ಸುಮಾರು 500 ಮೀಟರ್ ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ನಿಂತು ನಿಂತು ಪಂಪುಗಳು ಅದನ್ನು ಮೇಲಕ್ಕೆ ತಳ್ಳುತ್ತವೆ. ನಮ್ಮಾಕೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೇ ಗುಣಿಸಿ ತೋರಿಸಿದಳು: 15 ಲೀಟರಿನ ಒಂದು ಬಕೆಟ್ಟನ್ನು ಅಷ್ಟೆತ್ತರ ಎತ್ತುವ ಶಕ್ತಿಯಲ್ಲಿ ನನ್ನ 9 ವ್ಯಾಟಿನ ಬಲ್ಬು ಎರಡು ಗಂಟೆಗೂ ಮೇಲೆ ಉರಿಯುತ್ತದೆ. ಪಂಪು ದಾರಿಯಲ್ಲಿ ತಿನ್ನುವುದು ಬೇರೆ. "ಮಗನನ್ನ ಹತ್ತು ನಿಮಿಷ ಕತ್ತಲಲ್ಲಿ ನಿಲ್ಸಿದ್ರಲ್ಲ, ಮೋರಿಗೆ ಬಿಟ್ಟ ಅರ್ಧ ಬಕೆಟ್ಟು ಒಂದು ಗಂಟೆಯ ಲೈಟು."

ತಮಾಷೆಯೆಂದರೆ ಅಲ್ಲೇ ಹತ್ತಿರದ ಶಿವನಸಮುದ್ರದಲ್ಲಿ ಇದೇ ಕಾವೇರಿ ಬಿದ್ದು 1902ರಲ್ಲಿ ಕರೆಂಟು ಕೊಟ್ಟಳು. ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ. ಬೀಳುವಾಗ ಕರೆಂಟು ಕೊಟ್ಟವಳು ಈಗ ಏಳಬೇಕಾದರೆ ಕರೆಂಟು ಕೇಳುತ್ತಾಳೆ. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಸಾಲ ವಸೂಲಿ.

2024ರ ಬೇಸಿಗೆಯಲ್ಲಿ ನೀರಿನ ಬೆಲೆ ಇಡೀ ಊರಿಗೇ ಅರ್ಥವಾಗುವ ಲಕ್ಷಣವಿತ್ತು. ಬೋರ್‌ವೆಲ್ಲುಗಳು ಕೈಕೊಟ್ಟವು, ಟ್ಯಾಂಕರಿನವರು ರಾಜರಾದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ನಮ್ಮ ಬೀದಿಯಲ್ಲಿ ಕಾರಿಗೆ ಪೈಪು ಹಿಡಿಯುವವರು ಆಗ ಬ್ರಾಹ್ಮೀ ಮುಹೂರ್ತದಲ್ಲಿ ಏಳಲು ಕಲಿತರು. ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರೇಟರ್ ಹಾಕಿ ಎಂದರು. ಅದು ನೀರಿನೊಳಗೆ ಗಾಳಿ ಬೆರೆಸುವ ಜಾಲರಿ, ಧಾರೆ ದಪ್ಪ ಕಾಣುತ್ತದೆ, ನೀರು ಕಮ್ಮಿ ಹೋಗುತ್ತದೆ. ನಾವೂ ಹಾಕಿಸಿದೆವು. ಮೊನ್ನೆ ಬೀಗರು ಕೈತೊಳೆದು ಬಂದು, "ನಿಮ್ಮಲ್ಲಿ ಪ್ರೆಶರ್ ಕಮ್ಮಿ ಅನ್ಸುತ್ತೆ" ಎಂದರು. "ಇಲ್ಲ, ನನಗೆ ಜಾಸ್ತೀನೇ. ಬೆಳಿಗ್ಗೆ ಮಾತ್ರೆ ತಗೊಂಡೆ" ಎಂದೆ.

ಹುರುಪಿನಲ್ಲಿ ಒಂದು ಎಡವಟ್ಟೂ ಮಾಡಿದೆ. ಕುಡಿಯುವ ನೀರು ಸೋಸುವ ಆರ್‌ಒ ಯಂತ್ರ ಒಂದು ಲೀಟರು ಕೊಟ್ಟು ಎರಡು ಮೂರು ಲೀಟರು ಹೊರಗೆ ಬಿಡುತ್ತದೆ. ಅದನ್ನು ಹಿಡಿದಿಟ್ಟು ತುಳಸಿಗೆ ಹುಯ್ದೆ. ಒಂದು ತಿಂಗಳಲ್ಲಿ ಎಲೆಯ ಅಂಚು ಸುಟ್ಟು ತುಳಸಿ ಸೊರಗಿತು. "ಸೋಸಿ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತೆ, ನೆಲ ಒರೆಸಿ ಅಂದಿದ್ದು" ಎಂದಳು ನಮ್ಮಾಕೆ. ಈಗ ಒರೆಸುತ್ತಿದ್ದೇನೆ.

ಲೈಟಿನ ಇಲಾಖೆಯಿಂದ ನನಗೆ ವರ್ಗವಾಗಿದೆ. ಬೆಳಿಗ್ಗೆ ಬಚ್ಚಲಲ್ಲಿ ಎರಡನೆಯ ಬಕೆಟ್ಟಿಟ್ಟು ಪೈಪಿನ ತಣ್ಣೀರು ಹಿಡಿಯುವುದು, ಅದನ್ನು ವಾಷಿಂಗ್ ಮೆಷಿನ್ನಿಗೆ ಸುರಿಯುವುದು, ಪೈಪು ಮತ್ತೆ ತಣ್ಣಗಾಗುವ ಮೊದಲು ಮನೆಮಂದಿಯನ್ನೆಲ್ಲ ಟವೆಲ್ ಸಮೇತ ಸಾಲಾಗಿ ನಿಲ್ಲಿಸಿ ಒಬ್ಬರ ಹಿಂದೆ ಒಬ್ಬರಂತೆ ಸ್ನಾನಕ್ಕೆ ಕಳಿಸುವುದು. ಮಗ ಲೈಟು ಹಾಕಿಕೊಂಡೇ ಮೀಯುತ್ತಾನೆ. ನೋಡಿಯೂ ನೋಡದವನಂತಿದ್ದೇನೆ, ಕೈ ಮಾತ್ರ ಸ್ವಿಚ್ಚಿನ ಕಡೆ ತುಡಿಯುತ್ತದೆ.

ನಿಮ್ಮನೆಯಲ್ಲೂ ಸೋಲಾರ್ ಇದ್ದರೆ ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಿಸಿನೀರು ಬರುವ ಮುಂಚೆ ಎಷ್ಟು ಚೊಂಬು ತಣ್ಣೀರು ಬೀಳುತ್ತದೆ, ಅಳೆದು ನೋಡಿ. ನಮ್ಮದು ಏಳು ಚೊಂಬು.