ತೂಗುಮಂಚಕ್ಕೆ ಕೊಕ್ಕೆ ಇಲ್ಲ

ಪುಣೆಯ ಕೋಥ್ರೂಡಿನಲ್ಲಿ ಈಗ ಯಾರು ಎದುರಾದರೂ ರೀಡೆವಲಪ್‌ಮೆಂಟಿನದೇ ಮಾತು. ಲಿಫ್ಟಿಲ್ಲದ ಹಳೇ ಸೊಸೈಟಿಗಳನ್ನು ಕೆಡವಿ ಬಿಲ್ಡರುಗಳು ಗೋಪುರ ಎಬ್ಬಿಸುತ್ತಾರೆ. ಇದ್ದವರಿಗೆ ಇದ್ದದ್ದಕ್ಕಿಂತ ದೊಡ್ಡ ಫ್ಲ್ಯಾಟು. ಎಷ್ಟು ದೊಡ್ಡದು ಎಂಬುದೇ ಜಗಳ. ನಮ್ಮ ಸೊಸೈಟಿಯ ಮೀಟಿಂಗಿನಲ್ಲೂ ಎಲ್ಲರೂ ಇನ್ನಷ್ಟು ಕಾರ್ಪೆಟ್ ಏರಿಯಾಕ್ಕಾಗಿ ಕುರ್ಚಿ ಬಿಟ್ಟೆದ್ದು ನಿಂತಿದ್ದಾಗ, ನಾವು ಮನೆ ಮಾರಿ ಬಾವಧನದ ಕಡೆ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗುತ್ತಿದ್ದೇವೆ ಎಂದೆ. ಸಭೆ ತಣ್ಣಗಾಯಿತು. ಸಂಜೆ ಸೆಕ್ರೆಟರಿ ಮನೆಗೇ ಬಂದು ದನಿ ತಗ್ಗಿಸಿ, "ಕಾಕಾ, ಸಗಳಂ ಠೀಕ ಆಹೇ ನಾ?" ಎಂದು, ಎಲ್ಲ ಸರಿ ಇದೆ ತಾನೆ ಎಂಬಂತೆ, ಕೇಳಿದ. ಮಗ ಅಮೆರಿಕದಿಂದ ದುಡ್ಡು ಕಳಿಸುವುದನ್ನು ನಿಲ್ಲಿಸಿದ್ದಾನೆ ಎಂಬ ಸುದ್ದಿ ನಾನು ಹಾಲು ತರಲು ಇಳಿಯುವಷ್ಟರಲ್ಲಿ ಗೇಟು ಮುಟ್ಟಿತ್ತು. ಅವನು ಕಳಿಸಲು ಶುರುಮಾಡಿದ್ದೇ ಇಲ್ಲ ಎಂಬುದು ಬೇರೆ ಮಾತು.

ಕಾರಣ ದೊಡ್ಡದೇನಲ್ಲ, ಮೊಣಕಾಲು. ಎರಡು ಕೋಣೆಗಳಿಗೆ ನಾವು ಹೋಗುತ್ತಿದ್ದದ್ದೇ ಕಸ ಹೊಡೆಯಲು. ಮಾರುವಾಗ ಮನೆ ಅಳೆಸಿದರೆ ಇನ್ನೊಂದು ತಮಾಷೆ ಹೊರಬಿತ್ತು. ಹಿಂದೆಲ್ಲ ಜಿನೆ, ಪಡಸಾಲೆಗಳ ಪಾಲನ್ನೂ ಸೇರಿಸಿ 'ಸೂಪರ್ ಬಿಲ್ಟಪ್' ಎಂದು ಮಾರುತ್ತಿದ್ದರು. 2016ರ ರೇರಾ ಕಾಯ್ದೆ ಬಂದಮೇಲೆ ಗೋಡೆಯೊಳಗಿನ ಬಳಕೆಯ ಜಾಗವನ್ನಷ್ಟೇ ಲೆಕ್ಕ ಹಿಡಿದು ಹೇಳಬೇಕು. ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಸಾವಿರದಿನ್ನೂರು ಚದರಡಿ, ಟೇಪು ಹಿಡಿದಾಗ ಎಂಟುನೂರೈವತ್ತಕ್ಕೆ ಇಳಿಯಿತು. ಅಂದರೆ ಇಷ್ಟು ವರ್ಷ ಜಿನೆಯ ಒಂದು ತುಂಡಿನ ಮೇಲೂ ಸಂಸಾರ ಹೂಡಿದ್ದೆವು ಅಂತಾಯಿತು.

ಒಳಾಂಗಣ ಮಾಡಿಕೊಟ್ಟವಳು ಗೆಳೆಯರೊಬ್ಬರ ಮಗಳು, ಆರ್ಕಿಟೆಕ್ಟ್. ಮೊದಲ ದಿನವೇ ಲ್ಯಾಪ್‌ಟಾಪು ತೆರೆದು ಒಂದು ಪುಟ್ಟ ಬಿಳಿ ಮನೆ ತೋರಿಸಿದಳು. ಚಂಡೀಗಢ ಕಟ್ಟಿದ ಲ ಕಾರ್ಬೂಸಿಯೆ ತನ್ನ ವಯಸ್ಸಾದ ತಂದೆತಾಯಿಗಾಗಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿ 1923-24ರಲ್ಲಿ ಕಟ್ಟಿದ ಮನೆ. ಬರೀ 64 ಚದರ ಮೀಟರು. ಆದರೆ ಕೆರೆಯ ಕಡೆ ಹನ್ನೊಂದು ಮೀಟರು ಉದ್ದದ ಒಂದೇ ಕಿಟಕಿ. ಆತ ಮೊದಲು ನಕ್ಷೆ ಬರೆದು, ಅದನ್ನು ಜೇಬಿನಲ್ಲಿಟ್ಟುಕೊಂಡು, ಅದಕ್ಕೆ ಹೊಂದುವ ಜಾಗ ಹುಡುಕುತ್ತ ಅಲೆದನಂತೆ. ಕುಂಡಲಿ ಹಿಡಿದು ಕನ್ಯೆ ಹುಡುಕುವ ನಮ್ಮ ಧಾರವಾಡದ ಕಡೆಯವರ ಪದ್ಧತಿಯೇ. ಅಪ್ಪ ಅಲ್ಲಿ ಹೆಚ್ಚು ಕಾಲ ಬಾಳಲಿಲ್ಲ, 1926ರಲ್ಲಿ ತೀರಿಕೊಂಡ. ತಾಯಿ ಮಾತ್ರ 1960ರವರೆಗೂ ಬದುಕಿದ್ದಳು. 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೋ ಪಟ್ಟಿಗೆ ಸೇರಿದಾಗ ಈ ಪುಟ್ಟ ಮನೆಯೂ ಅದರ ಜೊತೆಗೇ ಸೇರಿತು. ನನ್ನಾಕೆ ಎಲ್ಲ ಕೇಳಿ, "ಮಗ ಕಟ್ಟಿಸಿ ಕೊಟ್ಟಾನ, ನೋಡ್ರಿ" ಎಂದಳು. ನಾನು ಕಿಟಕಿಯ ಬಗ್ಗೆ ಮಾತು ತೆಗೆದೆ.

ಹುಡುಗಿಯ ಕೆಲಸ ಅಚ್ಚುಕಟ್ಟು, ಸುಳ್ಳು ಹೇಳಬಾರದು. ಮಾಳಾ ಇಲ್ಲ, ಸ್ಟೂಲು ಹತ್ತುವ ವಯಸ್ಸು ಮುಗಿಯಿತು ಎಂದು ಎಲ್ಲ ಸಾಮಾನೂ ಸೊಂಟದೆತ್ತರದ ಡ್ರಾವರುಗಳಿಗೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಸರಳು, ಜಾರದ ಫರಸಿ, ಎಡವಲು ಎಲ್ಲೂ ಮೆಟ್ಟಿಲಿಲ್ಲ. ಹೊಸ್ತಿಲೂ ಇಲ್ಲ. ಅಲ್ಲಿ ಕದನ ಹತ್ತಿತು. "ಹೊಸ್ತಿಲಿಲ್ಲದ ಮನ್ಯಾಗ ಅರಿಷಿಣ ಕುಂಕುಮ ಎಲ್ಲಿ ಹಚ್ಚಲಿ? ಲಿಫ್ಟಿಗೇನು?" ಹುಡುಗಿ ವ್ಹೀಲ್‌ಚೇರಿನ ಮಾತೆತ್ತಿದಳು, ನನ್ನಾಕೆ ಲಕ್ಷ್ಮಿಯ ಮಾತೆತ್ತಿದಳು. ಕಡೆಗೆ ಬಾಗಿಲಡಿ ನೆಲದ ಮಟ್ಟಕ್ಕೇ ಒಂದು ಕರಿಕಲ್ಲಿನ ಪಟ್ಟಿ ಕೂರಿಸಿ ಇಬ್ಬರನ್ನೂ ಒಳಗೆ ಬಿಟ್ಟುಕೊಂಡದ್ದಾಯಿತು.

ಒಂದನ್ನು ಮಾತ್ರ ಯಾವ ಆರ್ಕಿಟೆಕ್ಟೂ ಎಣಿಸುವುದಿಲ್ಲ. ಹಳೇ ಮನೆಯಲ್ಲಿ ಅಡಿಗೆಮನೆಯಿಂದ ಬಂದ ಕರೆಯನ್ನು ಕೇಳಿಸಲಿಲ್ಲ ಎನ್ನಬಹುದಿತ್ತು. ದಾಂಪತ್ಯ ಇಷ್ಟು ದೂರ ಸಾಗಿದ್ದರಲ್ಲಿ ನಡುವಿನ ಆ ಎರಡು ಗೋಡೆಗಳ ಪಾಲು ಬಹಳವಿದೆ. ಈಗ ಆಕೆ ಒಗ್ಗರಣೆಗೆ ಸಾಸಿವೆ ಹಾಕುತ್ತ ತನ್ನಷ್ಟಕ್ಕೆ ಗೊಣಗಿಕೊಂಡದ್ದೂ ನನಗೆ ಸ್ಪಷ್ಟ. ನನಗೆ ಸ್ಪಷ್ಟ ಎಂಬುದು ಆಕೆಗೂ ಗೊತ್ತು.

ಸಾಮಾನು ಕಳೆಯುವುದು ಮನೆ ಕಳೆಯುವುದಕ್ಕಿಂತ ಕಷ್ಟ. ಹಳೇ ಅರಿವೆಗಳಿಗಾಗಿ ಬೋಹಾರಿಣಿಯನ್ನು ಕರೆದೆವು. ಗೊತ್ತಲ್ಲ, ಪುಣೆಯ ಗಲ್ಲಿಗಳಲ್ಲಿ ಬುಟ್ಟಿ ಹೊತ್ತು ಹಳೇ ಸೀರೆ ಒಯ್ದು ಹೊಸ ಸ್ಟೀಲು ಪಾತ್ರೆ ಕೊಡುವವಳು. ಒಂದು ತಾಸು ಚೌಕಾಶಿ ನಡೆಯಿತು, ಅರಿವೆಯ ಗಂಟು ಹೋಯಿತು, ಮೂರು ಡಬ್ಬಿ ಮತ್ತು ಒಂದು ಪಾತೇಲಿ ಮನೆಗೆ ಬಂದವು. ಮನೆ ಖಾಲಿ ಮಾಡಲು ಹೊರಟವರಿಗೆ ಇಂಥ ಲಾಭ ಬೇಡ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಅತ್ತೆಯವರು ಬಡಿಸಿ ತಂದಿದ್ದ, ನೀರು ಕಾಯಿಸುವ ತಾಮ್ರದ ಬಂಬನ್ನು ಮೋಡಕಾ ಎಂಬ ಗುಜರಿ ಅಂಗಡಿಯವನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕ ಹೇಳಿದಾಗ ನನ್ನಾಕೆ ಅದನ್ನು ರಿಕ್ಷಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ವಾಪಸು ತಂದಳು.

ಇಂಥವಕ್ಕೆಲ್ಲ ಜಾಗ ಇರುವುದು ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ ಮ್ಯೂಸಿಯಮ್ಮಿನಲ್ಲಿ. ದಿನಕರ ಕೇಳಕರರು ತೀರಿಹೋದ ಮಗ ರಾಜಾನ ನೆನಪಿಗಾಗಿ ಊರೂರು ತಿರುಗಿ ದೀಪ, ಅಡಕೊತ್ತು, ಸೌಟು, ಬಾಗಿಲುಗಳವರೆಗೆ ಜನರ ಮನೆಯ ಸಾಮಾನನ್ನು ಕೂಡಿಹಾಕಿದರು. ಈಗ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ, ನೋಡಲು ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದಕ್ಕೆ ಅಲ್ಲೂ ಜಾಗವಿಲ್ಲ. ಬಾಜೀರಾಯ ಕೋಥ್ರೂಡಿನಲ್ಲಿ ಮಸ್ತಾನಿಗೆ ಕಟ್ಟಿಸಿದ್ದ ಮಹಲಿನ ಅಳಿದುಳಿದ ಕಟ್ಟಿಗೆಯನ್ನೂ ಅಲ್ಲಿಯೇ ಒಂದು ಕೋಣೆಯಲ್ಲಿ ಜೋಡಿಸಿ ನಿಲ್ಲಿಸಿದ್ದಾರೆ. ಕೋಥ್ರೂಡು ಬಿಟ್ಟು ಚಿಕ್ಕ ಜಾಗ ಸೇರಿದವರಲ್ಲಿ ನಾವೇ ಮೊದಲಿಗರಲ್ಲ ಎಂದು ಆಗ ನನಗೆ ಬಹಳ ಸಮಾಧಾನವಾಯಿತು.

ನಮ್ಮ ಸಾಮಾನು ಮ್ಯೂಸಿಯಮ್ಮಿಗೆ ಹೋಗುವಷ್ಟು ಹಳೆಯದಲ್ಲ, ಮೋಡಕಾಕ್ಕೆ ಹಾಕುವಷ್ಟು ಕೆಟ್ಟದ್ದೂ ಅಲ್ಲ. ಹಾಗಾಗಿ ಬಂಧುಗಳ ಪಾಲಾಯಿತು. ಬಂಬು ನಾದಿನಿಯ ಮನೆಗೆ ಧಾರವಾಡಕ್ಕೆ ಹೋಯಿತು. ಸಾಗವಾನಿ ಮಂಚ ಅಣ್ಣನ ಸಣ್ಣ ಮಗ ಒಯ್ದ. ತೂಗುಮಂಚವನ್ನು ದೊಡ್ಡವನು ಬೆಳಗಾವಿಗೆ ಒಯ್ದ; ಹೊಸ ಮನೆಯ ಫಾಲ್ಸ್ ಸೀಲಿಂಗಿನಲ್ಲಿ ಕೊಕ್ಕೆ ಹಾಕಿದರೆ ಮಂಚದ ಜೊತೆ ಸೀಲಿಂಗೂ ತೂಗುತ್ತದೆ ಎಂದಿದ್ದಳು ಹುಡುಗಿ. ಹೀಗೆ ನಮ್ಮ ಮನೆ ಚಿಕ್ಕದಾಗಿದೆ ಎನ್ನುವುದು ಅರ್ಧ ಸತ್ಯ. ಅದೀಗ ಪುಣೆಯಿಂದ ಧಾರವಾಡದವರೆಗೆ ಹಬ್ಬಿಕೊಂಡಿದೆ, ತೆರಿಗೆ ಮಾತ್ರ ಬೇರೆಯವರು ಕಟ್ಟುತ್ತಾರೆ.

ಮೊನ್ನೆ ಬೆಳಗಾವಿಯಿಂದ ಫೋನು. "ಕಾಕು, ತೂಗುಮಂಚ ಭಾಳ ಕಿರ್ರ್ ಅಂತದ. ಯಾವ ಎಣ್ಣಿ ಹಾಕತಿದ್ರಿ?"

"ನೀ ಏನೂ ಹಾಕಬ್ಯಾಡ. ಮುಂದಿನ ತಿಂಗಳು ನಾವೇ ಬರ್ತೀವಿ, ಹದಿನೈದು ದಿನ. ಆವಾಗ ಹಾಕ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಬರೀ ಕಿರ್ರ್. ಆಮೇಲೆ, "ಬರ್ರಿ ಬರ್ರಿ. ಆದ್ರ ಕಾಕು, ನಮ್ಮ ಮನಿ ಸಣ್ಣದು, ಕಾಕಾಗ ಕೆಳಗ ಮಲಗಲಿಕ್ಕೆ ಆಗೂದಿಲ್ಲ..."

"ನಮ್ಮ ಮಂಚ ನಿನ್ನ ತಮ್ಮನ ಮನ್ಯಾಗ ಅದ ಅಲ್ಲೋ," ಎಂದಳು ಆಕೆ, "ತರಸಿ ಇಡು."